ಕಡಲ ಪಯಣಕ್ಕೆ ಹೊರಟವರ ಔಷಧದ ಕೈಚೀಲ

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಿಗೂ ಕಡಲಿಗೂ ಹೆಚ್ಚಿನ ನಂಟಿಲ್ಲ. ಇಲ್ಲಿನ ಜನ ಬಲ್ಲ ನೀರೆಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು. ನಮ್ಮ ಕಥೋಲಿಕ ಕುಟುಂಬಗಳು ಕಡಲನ್ನು ಕಾಣುತ್ತಿದ್ದುದು ಪುಣ್ಯಕ್ಷೇತ್ರಗಳಿಗೆ ಹೋದಾಗ ಮಾತ್ರ. ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಝೇವಿಯರ್ ಅವರ ಹಬ್ಬಕ್ಕೆಂದು ಹಳೆಯ ಗೋವಾಕ್ಕೆ ಹೋಗುವುದು, ಸೆಪ್ಟೆಂಬರ್ 8ರ ಮಾತೆಯ ಜನ್ಮೋತ್ಸವಕ್ಕೆಂದು ವೇಳಾಂಗಣ್ಣಿಗೆ ಹೋಗುವುದು, ದಡದಲ್ಲಿ ನಿಂತು ತೆರೆಗಳಿಗೆ ಕಾಲೊಡ್ಡಿ ಮರಳುವುದು, ಇಷ್ಟೇ ನಮ್ಮ ಹಿರಿಯರ ಸಮುದ್ರದ ಪರಿಚಯವಾಗಿತ್ತು.

ಈಗ ಕಾಲ ಬದಲಾಗಿದೆ. ಪುಣೆ, ಮುಂಬೈ, ಬೆಂಗಳೂರು ಹಾಗೂ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು, ಊರಿನಲ್ಲಿರುವ ತಂದೆತಾಯಿಗಳಿಗೆ ಅವರ ವಿವಾಹದ ರಜತ ಅಥವಾ ಸುವರ್ಣ ಮಹೋತ್ಸವದ ಕಾಣಿಕೆಯಾಗಿ ವಿಹಾರ ನೌಕೆಯ ಪ್ರವಾಸವನ್ನು ಏರ್ಪಡಿಸಬಲ್ಲವರಾಗಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆಯ ನೌಕೆ ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಸಂಚಾರವನ್ನು ಆರಂಭಿಸಿತು. 2025ರ ಸೆಪ್ಟೆಂಬರಿನಲ್ಲಿ ಮುಂಬೈ ಬಂದರಿನಲ್ಲಿ ಅಂತಾರಾಷ್ಟ್ರೀಯ ವಿಹಾರ ನೌಕಾ ನಿಲ್ದಾಣವೂ ಉದ್ಘಾಟನೆಗೊಂಡಿತು. ರಾಯಬಾಗ, ಕುಡಚಿ, ಉಗಾರ ಅಥವಾ ಶೇಡಬಾಳದಲ್ಲಿ ರೈಲು ಹತ್ತಿ ಮಿರಜ ಮಾರ್ಗವಾಗಿ ಮುಂಬೈ ಸೇರುವುದು ನಮ್ಮವರಿಗೆ ಹೊಸದಲ್ಲ. ಅಲ್ಲಿಂದ ಮುಂದೆ ನೀರಿನ ಮೇಲೆ ಕಳೆಯುವ ದಿನಗಳು ಮಾತ್ರ ಹೊಸವು.

ಈ ಪ್ರವಾಸಕ್ಕೆ ಹೊರಡುವವರಲ್ಲಿ ಅನೇಕರು ಅರವತ್ತು ದಾಟಿದವರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ ಮುಂತಾದವುಗಳಿಗೆ ಪ್ರತಿದಿನವೂ ಔಷಧ ಸೇವಿಸುವವರು. ಹೊಸ ಸೀರೆ, ಹೊಸ ಪಾದರಕ್ಷೆ, ಛಾಯಾಚಿತ್ರದ ಸಿದ್ಧತೆ ಎಲ್ಲವೂ ವಾರಗಟ್ಟಲೆ ಮೊದಲೇ ನಡೆಯುತ್ತವೆ. ಗುಳಿಗೆಗಳ ಸಿದ್ಧತೆ ಮಾತ್ರ ಹೊರಡುವ ಹಿಂದಿನ ರಾತ್ರಿಗೆ ಉಳಿಯುತ್ತದೆ. "ಬೇಕಾದರೆ ಅಲ್ಲಿಯೇ ಕೊಂಡರಾಯಿತು" ಎಂಬ ಒಂದು ಮಾತಿನಲ್ಲಿ ಅದು ಮುಗಿದುಹೋಗುವುದೂ ಉಂಟು. ದಡ ಬಿಟ್ಟ ಮೇಲೆ ಹಡಗಿನಲ್ಲಿ ಔಷಧದ ಅಂಗಡಿಯಿಲ್ಲ. ಆದ್ದರಿಂದ ಈ ವಾರದ ಅಂಕಣವನ್ನು ಈ ಒಂದು ವಿಷಯಕ್ಕೇ ಮೀಸಲಿರಿಸಲಾಗಿದೆ.

ತೊಬೀಯನ ಪಯಣದ ಪಾಠ

ಪಯಣದಲ್ಲಿ ಔಷಧವನ್ನು ಜೊತೆಗೊಯ್ಯುವ ಕಥೆಯೊಂದು ನಮ್ಮ ಕಥೋಲಿಕ ಬೈಬಲಿನಲ್ಲಿಯೇ ಇದೆ. ತೊಬೀತನ ಗ್ರಂಥದಲ್ಲಿ, ದೃಷ್ಟಿ ಕಳೆದುಕೊಂಡು ನಿನೆವೆಯಲ್ಲಿ ಕುಳಿತ ವೃದ್ಧ ತಂದೆಯು ತನ್ನ ಹಣವನ್ನು ತರಲೆಂದು ಮಗ ತೊಬೀಯನನ್ನು ದೂರದ ಮೇದ್ಯ ದೇಶಕ್ಕೆ ಕಳುಹಿಸುತ್ತಾನೆ. ಜೊತೆಗಾರನ ರೂಪದಲ್ಲಿ ಬಂದ ಮಹಾದೂತ ರಫಾಯೇಲನು, ತಿಗ್ರಿಸ್ ನದಿಯಲ್ಲಿ ಸಿಕ್ಕ ಮೀನಿನ ಪಿತ್ತ, ಹೃದಯ ಮತ್ತು ಯಕೃತ್ತನ್ನು ತೆಗೆದು ಜೋಪಾನವಾಗಿ ಇರಿಸಿಕೊಳ್ಳುವಂತೆ ಯುವಕನಿಗೆ ಹೇಳುತ್ತಾನೆ. ತೊಬೀಯನು ಅದನ್ನು ದಾರಿಯುದ್ದಕ್ಕೂ ತನ್ನೊಡನೆಯೇ ಇಟ್ಟುಕೊಳ್ಳುತ್ತಾನೆ. ಮನೆಗೆ ಮರಳಿದ ಮೇಲೆ ಅದೇ ಪಿತ್ತವನ್ನು ತಂದೆಯ ಕಣ್ಣಿಗೆ ಹಚ್ಚಿದಾಗ ದೃಷ್ಟಿ ಮರಳುತ್ತದೆ.

ರಫಾಯೇಲ ಎಂಬ ಹೆಸರಿನ ಅರ್ಥವೇ ದೇವರು ಗುಣಪಡಿಸುತ್ತಾರೆ ಎಂಬುದು. ಆದರೂ ಆ ದೇವದೂತನು ಔಷಧವನ್ನು ಎಸೆದು ಬರಿಗೈಯಲ್ಲಿ ನಡೆ ಎಂದು ಹೇಳಲಿಲ್ಲ. ಆತನು ಔಷಧ ಯಾವುದೆಂದು ತೋರಿಸಿದನು, ಅದನ್ನು ಜೋಪಾನ ಮಾಡಿಸಿದನು, ಅದರ ಬಳಕೆಯನ್ನು ತಿಳಿಸಿಕೊಟ್ಟನು. ಯಾವ ಔಷಧ, ಎಲ್ಲಿ ಇಡಬೇಕು, ಹೇಗೆ ಬಳಸಬೇಕು ಎಂಬ ಈ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ನಮ್ಮ ಸಿದ್ಧತೆಯೂ ಪೂರ್ಣವಾದಂತೆಯೇ.

ದಿನಗಳ ಲೆಕ್ಕ ತಪ್ಪಿದಾಗ

ಮೊದಲನೆಯ ಮಾತು ಪ್ರಮಾಣದ ಕುರಿತು. ಐದು ದಿನಗಳ ಪ್ರವಾಸಕ್ಕೆ ಐದು ದಿನಗಳ ಗುಳಿಗೆ ಸಾಕೆಂದು ನಮಗೆ ಅನ್ನಿಸುವುದು ಸಹಜ. ಈ ಲೆಕ್ಕ ಎಷ್ಟು ದುರ್ಬಲವಾದುದು ಎಂಬುದನ್ನು 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಎಂಬ ವಿಹಾರ ನೌಕೆ ಜಗತ್ತಿಗೆ ತೋರಿಸಿತು. ಜನವರಿ 20ರಂದು ಹೊರಟಿದ್ದ ಆ ನೌಕೆಯ ಪ್ರವಾಸ ಫೆಬ್ರವರಿ 4ಕ್ಕೆ ಮುಗಿಯಬೇಕಾಗಿತ್ತು. ಕೊರೋನಾ ಸೋಂಕು ಕಂಡುಬಂದ ಕಾರಣ ಸುಮಾರು 3,700 ಜನರನ್ನು ಹಡಗಿನಲ್ಲಿಯೇ ತಡೆಹಿಡಿಯಲಾಯಿತು. ಪ್ರಯಾಣಿಕರು ಇನ್ನೂ ಎರಡು ವಾರ ತಮ್ಮ ಕೋಣೆಗಳಲ್ಲಿಯೇ ಉಳಿಯಬೇಕಾಯಿತು. ಅವರಲ್ಲಿ ಬಹುಮಂದಿ ವೃದ್ಧರು. ತಂದಿದ್ದ ಗುಳಿಗೆಗಳು ಮುಗಿದುಹೋದವು. ಒಬ್ಬೊಬ್ಬರ ಔಷಧದ ಹೆಸರನ್ನು ಬರೆಸಿಕೊಂಡು, ದಡದಿಂದ ತರಿಸಿ ಹಂಚುವುದು ಜಪಾನಿನ ಅಧಿಕಾರಿಗಳಿಗೆ ದೊಡ್ಡ ಕೆಲಸವಾಯಿತು. ಆ ನೌಕೆಯಲ್ಲಿ ಸಿಬ್ಬಂದಿಯೂ ಸೇರಿ 138 ಮಂದಿ ಭಾರತೀಯರಿದ್ದರು.

ಜಪಾನ್ ಬಹು ದೂರವೆನ್ನುವವರು ನಮ್ಮದೇ ನೆಲದ ಅನುಭವವನ್ನು ನೆನೆಯಬಹುದು. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ ಹರಿದಾಗ, ಈ ಐದೂ ತಾಲ್ಲೂಕುಗಳ ನದಿತೀರದ ಹಳ್ಳಿಗಳು ನೀರಿನ ನಡುವಿನ ದ್ವೀಪಗಳಾದವು. ನಿಪ್ಪಾಣಿಯ ಸಮೀಪ ಯಮಗರ್ಣಿಯ ಬಳಿ ವೇದಗಂಗೆಯ ನೀರು ಹೆದ್ದಾರಿಯನ್ನು ಮುಚ್ಚಿ, ಪುಣೆ-ಬೆಂಗಳೂರು ಸಂಚಾರ ಹಲವು ದಿನ ನಿಂತುಹೋಯಿತು. 2021ರ ಜುಲೈಯಲ್ಲಿ ಅದೇ ಮತ್ತೆ ಸಂಭವಿಸಿತು. ಉಟ್ಟ ಬಟ್ಟೆಯಲ್ಲಿಯೇ ಪರಿಹಾರ ಕೇಂದ್ರಕ್ಕೆ ಬಂದ ಹಿರಿಯರಿಗೆ ಅನ್ನ ಸಿಕ್ಕಿತು, ಹೊದಿಕೆ ಸಿಕ್ಕಿತು. ಆದರೆ "ನಾನು ದಿನಾಲೂ ತೆಗೆದುಕೊಳ್ಳುವ ಬಿಳಿ ಗುಳಿಗೆ" ಯಾವುದೆಂದು ಹೇಳಲು ಹೆಸರು ಗೊತ್ತಿಲ್ಲದವರಿಗೆ ವೈದ್ಯರು ಏನು ಕೊಡಬಲ್ಲರು? ಸುತ್ತಲೂ ನೀರು, ಕೈಯಲ್ಲಿ ಔಷಧವಿಲ್ಲ ಎಂಬ ಸ್ಥಿತಿ ಏನೆಂದು ತಿಳಿಯಲು ನಮ್ಮ ಜನರು ಹಡಗು ಹತ್ತಬೇಕಾಗಿಲ್ಲ.

ಆದ್ದರಿಂದ ಪ್ರವಾಸದ ದಿನಗಳಿಗೆ ಬೇಕಾಗುವಷ್ಟರ ಮೇಲೆ ಕನಿಷ್ಠ ಒಂದು ವಾರದ ಔಷಧವನ್ನಾದರೂ ಹೆಚ್ಚಾಗಿ ಇರಿಸಿಕೊಳ್ಳುವುದು ಕ್ಷೇಮ. ವಿದೇಶ ಪ್ರವಾಸವಾದರೆ ಎರಡು ವಾರಗಳದ್ದು ಉತ್ತಮ. ಮನೆಯಿಂದ ಮುಂಬೈವರೆಗಿನ ರೈಲು ಪ್ರಯಾಣ, ಅಲ್ಲಿ ಬಂಧುಗಳ ಮನೆಯಲ್ಲಿ ತಂಗುವ ದಿನಗಳು, ಹಿಂತಿರುಗುವ ದಾರಿ, ಇವೆಲ್ಲವೂ ಲೆಕ್ಕಕ್ಕೆ ಸೇರಬೇಕು. ಹಣದ ಅಡಚಣೆಯಿಂದ ಹತ್ತು ಹತ್ತು ಗುಳಿಗೆಗಳನ್ನೇ ಕೊಳ್ಳುವ ರೂಢಿಯಿರುವವರು ವೈದ್ಯರನ್ನು ಕೇಳಿಕೊಂಡು ಜನೌಷಧಿ ಕೇಂದ್ರದಿಂದ ಅದೇ ಔಷಧವನ್ನು ಕಡಿಮೆ ಬೆಲೆಗೆ ಪಡೆಯಬಹುದು.

ಎರಡು ವಾರ ಮೊದಲೇ ವೈದ್ಯರ ಬಳಿಗೆ

ನಮ್ಮ ಭಾಗದ ರೋಗಿಗಳ ಒಂದು ವಿಶೇಷವೆಂದರೆ ಅವರು ಒಬ್ಬರೇ ವೈದ್ಯರ ಬಳಿ ಇರುವುದಿಲ್ಲ. ಜ್ವರ-ಕೆಮ್ಮಿಗೆ ಊರಿನ ವೈದ್ಯರು, ಹೃದಯಕ್ಕೆ ಬೆಳಗಾವಿ, ಕಣ್ಣಿಗೆ ಕೊಲ್ಹಾಪುರ, ಮೊಣಕಾಲಿಗೆ ಮಿರಜ. ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ಆರಂಭಿಸಿದಂದಿನಿಂದ ಕಾಗವಾಡ, ಅಥಣಿ, ರಾಯಬಾಗದ ಜನರಿಗೆ ಆ ಊರು ಚಿಕಿತ್ಸೆಯ ಊರೇ ಆಗಿದೆ. ಹೀಗೆ ನಾಲ್ಕು ಕಡೆಯ ನಾಲ್ಕು ಚೀಟಿಗಳು ಮನೆಯ ಕಪಾಟಿನಲ್ಲಿ ಸೇರಿಕೊಳ್ಳುತ್ತವೆ. ಒಂದು ಕನ್ನಡ ನಾಡಿನದು, ಇನ್ನೊಂದು ಮಹಾರಾಷ್ಟ್ರದ್ದು. ಒಬ್ಬ ವೈದ್ಯರು ಬರೆದುದು ಮತ್ತೊಬ್ಬರಿಗೆ ತಿಳಿದಿರುವುದಿಲ್ಲ. ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಬಾರಿ ಹೊಟ್ಟೆಗೆ ಹೋಗುವ ಅಪಾಯ ಇಲ್ಲಿಯೇ ಇದೆ.

ಪ್ರಯಾಣಕ್ಕೆ ಎರಡು ವಾರ ಮೊದಲು ಈ ಎಲ್ಲ ಚೀಟಿಗಳನ್ನೂ ಗುಳಿಗೆಯ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಕುಟುಂಬದ ವೈದ್ಯರ ಬಳಿ ಹೋಗಬೇಕು. ಅವರಿಂದ ಒಂದೇ ಹಾಳೆಯಲ್ಲಿ ಎಲ್ಲ ಔಷಧಗಳ ಪಟ್ಟಿಯನ್ನು ಬರೆಯಿಸಿಕೊಳ್ಳಬೇಕು. ಪಟ್ಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು ಇರಲೇಬೇಕು. ಒಂದು ಊರಿನ ಅಂಗಡಿಯಲ್ಲಿ ಸಿಗುವ ಕಂಪನಿಯ ಹೆಸರು ಇನ್ನೊಂದು ದೇಶದಲ್ಲಿ ಯಾರಿಗೂ ಗೊತ್ತಿರದು. ಮೂಲ ಹೆಸರನ್ನು ಮಾತ್ರ ಬಹುತೇಕ ಎಲ್ಲ ದೇಶಗಳ ವೈದ್ಯರೂ ಗುರುತಿಸುತ್ತಾರೆ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಬಾರಿ, ಊಟಕ್ಕೆ ಮೊದಲೋ ನಂತರವೋ, ಯಾವ ಕಾಯಿಲೆಗೆ ಎಂಬ ವಿವರಗಳೂ, ಯಾವುದಾದರೂ ಔಷಧ ಮೈಗೆ ಒಗ್ಗದಿದ್ದರೆ ಅದರ ಹೆಸರೂ, ರಕ್ತದ ಗುಂಪೂ, ಮನೆಯವರ ದೂರವಾಣಿ ಸಂಖ್ಯೆಯೂ ಅದರಲ್ಲಿರಲಿ. ವೈದ್ಯರ ಸಹಿ ಹಾಗೂ ನೋಂದಣಿ ಸಂಖ್ಯೆ ಇರುವ ಆ ಹಾಳೆಯ ಎರಡು ಪ್ರತಿಗಳನ್ನು ಮಾಡಿಸಿ, ಒಂದನ್ನು ಜೊತೆಗಾರರ ಬಳಿ ಇರಿಸಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಒಳ್ಳೆಯದೇ. ಆದರೆ ಬ್ಯಾಟರಿ ಮುಗಿದಾಗ ಓದಲು ಸಿಗುವುದು ಕಾಗದ ಮಾತ್ರ.

ಚೀಲ ಕಟ್ಟುವ ಬಗೆ

ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಒಂದೇ ಡಬ್ಬಿಯಲ್ಲಿ ಸುರಿದುಕೊಳ್ಳುವ ಅಭ್ಯಾಸ ನಮ್ಮ ಹಿರಿಯರಲ್ಲಿದೆ. ಮನೆಯಲ್ಲಿ ಅವರಿಗೆ ಬಣ್ಣದಿಂದಲೇ ಗುರುತು ಸಿಗಬಹುದು. ಪರ ಊರಿನಲ್ಲಿ ಅವರು ಪ್ರಜ್ಞೆ ತಪ್ಪಿದರೆ ಆ ಡಬ್ಬಿ ಯಾರಿಗೂ ಏನನ್ನೂ ಹೇಳದು. ಸ್ಟ್ರಿಪ್ಪನ್ನು ಕತ್ತರಿಸಿ ಒಯ್ಯುವಾಗಲೂ ಹೆಸರು ಮತ್ತು ಅವಧಿ ಮುದ್ರಿತವಾದ ಭಾಗ ಬಿದ್ದುಹೋಗುತ್ತದೆ. ಆದ್ದರಿಂದ ಔಷಧಗಳು ಅಂಗಡಿಯವರು ಕೊಟ್ಟ ಮೂಲ ಸ್ಟ್ರಿಪ್ಪು, ಸೀಸೆ, ಪೆಟ್ಟಿಗೆಗಳಲ್ಲಿಯೇ ಇರಲಿ. ಕೊಂಡ ರಸೀದಿಯೂ ಜೊತೆಗಿರಲಿ. ವಾರದ ದಿನಗಳನ್ನು ಬರೆದ ಸಣ್ಣ ಮನೆಗಳ ಡಬ್ಬಿಯನ್ನು ಬಳಸುವವರು ಆಯಾ ದಿನದ ಗುಳಿಗೆಗಳನ್ನು ಅದರಲ್ಲಿಟ್ಟುಕೊಂಡು, ಉಳಿದುದನ್ನು ಮೂಲ ಸ್ಟ್ರಿಪ್ಪುಗಳಲ್ಲಿಯೇ ಉಳಿಸಿಕೊಳ್ಳಬಹುದು.

ಎರಡನೆಯ ನಿಯಮ ಇನ್ನೂ ಮುಖ್ಯವಾದುದು. ಔಷಧವು ದೊಡ್ಡ ಸೂಟ್‌ಕೇಸಿನಲ್ಲಿ ಹೋಗಬಾರದು; ಅದು ರೋಗಿಯ ಕೈಚೀಲದಲ್ಲಿಯೇ ಇರಬೇಕು. ವಿಹಾರ ನೌಕೆಯ ನಿಲ್ದಾಣದಲ್ಲಿ ದೊಡ್ಡ ಚೀಲಗಳನ್ನು ಸಿಬ್ಬಂದಿಗೆ ಒಪ್ಪಿಸಬೇಕಾಗುತ್ತದೆ. ಅವು ನಮ್ಮ ಕೋಣೆಯ ಬಾಗಿಲಿಗೆ ತಲುಪುವುದಕ್ಕೆ ಹಲವು ಗಂಟೆಗಳೇ ಹಿಡಿಯಬಹುದು. ಅಷ್ಟರಲ್ಲಿ ಮಧ್ಯಾಹ್ನದ ಇನ್ಸುಲಿನ್, ಸಂಜೆಯ ರಕ್ತದೊತ್ತಡದ ಗುಳಿಗೆ ಎರಡರ ಸಮಯವೂ ಮೀರಿರುತ್ತದೆ. ವಿಮಾನದಲ್ಲಿಯೂ ಇದೇ ನಿಯಮ. ಗಂಡ-ಹೆಂಡತಿ ಕೂಡಿ ಹೋಗುವವರು ಒಬ್ಬೊಬ್ಬರ ಔಷಧವನ್ನೂ ಎರಡು ಭಾಗ ಮಾಡಿ ಇಬ್ಬರ ಕೈಚೀಲಗಳಲ್ಲಿಯೂ ಇರಿಸಿಕೊಂಡರೆ, ಒಂದು ಚೀಲ ಕಳೆದರೂ ಇನ್ನೊಂದು ಉಳಿದಿರುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರ ಎಚ್ಚರಿಕೆ ಬೇರೆಯೇ ಇದೆ. ತೆರೆಯದ ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಳಕೆಯಲ್ಲಿರುವ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳವರೆಗೆ ಕೋಣೆಯ ಉಷ್ಣತೆಯಲ್ಲಿ ಇಡಬಹುದು; ನಿಖರವಾದ ಅವಧಿ ಅದರೊಡನೆ ಬರುವ ಕಾಗದದಲ್ಲಿರುತ್ತದೆ. ಆದರೆ ಅಥಣಿ, ರಾಯಬಾಗದ ಬೇಸಿಗೆಯ ಉಷ್ಣತೆ 40 ಡಿಗ್ರಿಯ ಸಮೀಪಕ್ಕೆ ಏರುವಾಗ ನಿಲ್ಲಿಸಿದ ಕಾರಿನೊಳಗಿನ ಬಿಸಿಯನ್ನು ಕೋಣೆಯ ಉಷ್ಣತೆ ಎನ್ನಲಾಗದು. ಆ ಬಿಸಿಯಲ್ಲಿ ಇನ್ಸುಲಿನ್ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೆಪ್ಪುಗಟ್ಟಿದರೂ ಅದು ಕೆಡುತ್ತದೆ. ಮಂಜುಗಡ್ಡೆಗೆ ನೇರವಾಗಿ ತಾಗುವಂತೆ ಅದನ್ನು ಇರಿಸಬಾರದು. ತಂಪು ಕಾಯುವ ಸಣ್ಣ ಚೀಲ ಅಂಗಡಿಗಳಲ್ಲಿ ದೊರೆಯುತ್ತದೆ. ಸಕ್ಕರೆ ಅಳೆಯುವ ಯಂತ್ರ, ಅದರ ಪಟ್ಟಿಗಳು, ಸಾಕಷ್ಟು ಸೂಜಿಗಳು, ಸಕ್ಕರೆ ಇಳಿದಾಗ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಗ್ಲೂಕೋಸ್ ಅಥವಾ ಒಂದು ತುಂಡು ಬೆಲ್ಲ, ಇವು ಅದೇ ಕೈಚೀಲದಲ್ಲಿರಲಿ. ತಂಬಾಕಿನ ಧೂಳಿನಲ್ಲಿ ದುಡಿದು ಉಬ್ಬಸ ಹತ್ತಿದವರು ನಿಪ್ಪಾಣಿಯ ಕಡೆ ಇದ್ದಾರೆ. ಅವರು ತಮ್ಮ ಇನ್‌ಹೇಲರನ್ನು ಚೀಲದ ತಳದಲ್ಲಿ ಹೂಳದೆ ಕೈಗೆ ತಕ್ಷಣ ಸಿಗುವ ಜೇಬಿನಲ್ಲಿ ಇರಿಸಿಕೊಳ್ಳಬೇಕು. ತುಂಬಿದ ಇನ್ನೊಂದು ಇನ್‌ಹೇಲರ್ ಕೂಡ ಜೊತೆಗಿರಬೇಕು.

ಹಡಗು ಹತ್ತಿದ ಮೇಲೆ

ಸಂತ ಫ್ರಾನ್ಸಿಸ್ ಝೇವಿಯರ್ ಅವರು 1541ರ ಏಪ್ರಿಲ್ 7ರಂದು ಲಿಸ್ಬನ್ನಿನಿಂದ ಹೊರಟು 1542ರ ಮೇ 6ರಂದು ಗೋವಾ ತಲುಪಿದರು. ಹದಿಮೂರು ತಿಂಗಳ ಆ ಪಯಣದಲ್ಲಿ ಅವರು ಹಡಗಿನ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದರು. ಇಂದಿನ ಹಡಗುಗಳಲ್ಲಿ ಚಿಕಿತ್ಸಾಲಯವಿರುತ್ತದೆ. ಕಡಲ ಕಾರ್ಮಿಕರ ಕುರಿತಾದ 2006ರ ಅಂತಾರಾಷ್ಟ್ರೀಯ ಒಡಂಬಡಿಕೆಯಂತೆ, ನೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು ಮೂರು ದಿನಗಳಿಗಿಂತ ದೀರ್ಘವಾದ ಅಂತಾರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ಅರ್ಹ ವೈದ್ಯರು ಇರಲೇಬೇಕು. ಆದರೆ ಹಡಗಿನ ಚಿಕಿತ್ಸಾಲಯ ಇರುವುದು ತುರ್ತು ಪ್ರಸಂಗಗಳಿಗಾಗಿ. ನಮ್ಮ ನಿತ್ಯದ ಔಷಧಗಳೆಲ್ಲವೂ ಅಲ್ಲಿ ಇರುತ್ತವೆಂದು ನಂಬುವಂತಿಲ್ಲ. ಅಲ್ಲಿನ ಚಿಕಿತ್ಸೆಗೆ ಪ್ರತ್ಯೇಕ ಹಣ ತೆರಬೇಕಾಗುವುದೂ ಸಾಮಾನ್ಯ. ಕೋಣೆಯಲ್ಲಿರುವ ಪಾನೀಯದ ಪೆಟ್ಟಿಗೆ ಔಷಧಕ್ಕೆ ಬೇಕಾದಷ್ಟು ತಂಪಾಗಿರದೇ ಹೋಗಬಹುದು. ಟಿಕೆಟು ಕಾಯ್ದಿರಿಸುವಾಗಲೇ ಇನ್ಸುಲಿನ್ನಿಗೆ ತಕ್ಕ ಫ್ರಿಜ್ಜನ್ನೂ, ಬಳಸಿದ ಸೂಜಿಗಳನ್ನು ಹಾಕುವ ಡಬ್ಬಿಯನ್ನೂ ಕೇಳಿಕೊಳ್ಳಬೇಕು. ಸೂಜಿಯನ್ನು ಕೋಣೆಯ ಕಸದ ಬುಟ್ಟಿಗೆ ಎಸೆದರೆ, ಅದನ್ನು ಬರಿಗೈಯಲ್ಲಿ ಎತ್ತುವ ಬಡ ಕೆಲಸಗಾರನಿಗೆ ನಾವು ಅಪಾಯವನ್ನು ಒಡ್ಡಿದಂತಾಗುತ್ತದೆ.

ಕಡಲನ್ನು ಕಾಣದ ನಮ್ಮ ಬಯಲುಸೀಮೆಯವರಿಗೆ ಹಡಗಿನ ತೂಗಾಟದಿಂದ ತಲೆಸುತ್ತು, ವಾಂತಿ ಬರುವುದು ಅಪರೂಪವಲ್ಲ. ಅದಕ್ಕೆಂದು ದೊರೆಯುವ ಮಾತ್ರೆಗಳು ತೊಂದರೆ ಆರಂಭವಾಗುವ ಮೊದಲೇ ತೆಗೆದುಕೊಂಡರೆ ಹೆಚ್ಚು ಫಲ ಕೊಡುತ್ತವೆ. ಆದರೆ ಅವುಗಳಲ್ಲಿ ಹಲವು ನಿದ್ದೆ ಬರಿಸುತ್ತವೆ. ಮೂತ್ರ ಕಟ್ಟುವ ತೊಂದರೆಯಿರುವ ವೃದ್ಧರಿಗೂ ಕೆಲವು ಬಗೆಯ ಕಣ್ಣಿನ ಒತ್ತಡದ ರೋಗಿಗಳಿಗೂ ಅವು ಒಗ್ಗುವುದಿಲ್ಲ. ಆದ್ದರಿಂದ ಪಕ್ಕದವರು ಕೊಟ್ಟರೆಂದು ನುಂಗದೆ, ಊರಿನಲ್ಲಿಯೇ ವೈದ್ಯರನ್ನು ಕೇಳಿ ತಕ್ಕುದನ್ನು ತೆಗೆದುಕೊಂಡು ಹೋಗಬೇಕು. ವಾಂತಿ-ಭೇದಿ ಹತ್ತಿ ಆಹಾರ ನಿಲ್ಲದ ಸ್ಥಿತಿಯಲ್ಲಿ, ಸಕ್ಕರೆ ಕಾಯಿಲೆಯ ಔಷಧವನ್ನೂ ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆಯನ್ನೂ ಎಂದಿನಂತೆಯೇ ಮುಂದುವರಿಸಬೇಕೆ ಎಂಬುದನ್ನು ಹಡಗಿನ ವೈದ್ಯರು ನಿರ್ಧರಿಸಬೇಕು. ಇನ್ಸುಲಿನ್ನನ್ನು ಮಾತ್ರ ತಾವಾಗಿಯೇ ಪೂರ್ತಿ ನಿಲ್ಲಿಸಬಾರದು.

ಒಂದು ಹೊತ್ತಿನ ಗುಳಿಗೆ ಮರೆತುಹೋದರೆ ನೆನಪಾದ ಕೂಡಲೇ ತೆಗೆದುಕೊಳ್ಳುವುದು, ಮುಂದಿನ ಹೊತ್ತು ತೀರ ಸಮೀಪಿಸಿದ್ದರೆ ಬಿಟ್ಟುಬಿಡುವುದು, ಎರಡನ್ನು ಒಟ್ಟಿಗೆ ನುಂಗದಿರುವುದು, ಇವು ಸಾಮಾನ್ಯವಾದ ನಿಯಮಗಳು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಮುಂತಾದವುಗಳಿಗೆ ಈ ನಿಯಮ ಸಾಲದು. ಮರೆತರೆ ಏನು ಮಾಡಬೇಕೆಂದು ಅವರವರ ವೈದ್ಯರನ್ನು ಮೊದಲೇ ಕೇಳಿ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಮೂರ್ಛೆರೋಗದ ಔಷಧ, ಹೃದಯದ ಬಡಿತವನ್ನು ನಿಧಾನಗೊಳಿಸುವ ಕೆಲವು ಗುಳಿಗೆಗಳು, ದೀರ್ಘಕಾಲ ಸೇವಿಸಿದ ಸ್ಟೆರಾಯ್ಡ್, ಇವುಗಳನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವುಂಟು.

ವಿದೇಶದ ಬಂದರುಗಳಲ್ಲಿ

ನೌಕೆಯು ದುಬೈ, ಸಿಂಗಪುರದಂಥ ಬಂದರುಗಳಿಗೆ ಹೋಗುವುದಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ವೈದ್ಯರ ಚೀಟಿಗೆ ಸಿಗುವ ಕೆಲವು ಔಷಧಗಳು ಅಲ್ಲಿ ಕಠಿಣ ನಿರ್ಬಂಧಕ್ಕೆ ಒಳಪಟ್ಟಿವೆ. ಟ್ರಮಡಾಲ್‌ನಂತಹ ತೀವ್ರ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧ, ನಿದ್ದೆಗೂ ಆತಂಕಕ್ಕೂ ಕೊಡುವ ಆಲ್ಪ್ರಜೋಲಮ್, ಕ್ಲೋನಜೆಪಮ್ ಮುಂತಾದವುಗಳನ್ನು ಒಯ್ಯಲು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮುಂಚಿತವಾಗಿ ಸರಕಾರದ ಅನುಮತಿ ಪಡೆಯಬೇಕಾಗುತ್ತದೆ. ಸಿಂಗಪುರದಲ್ಲಿಯೂ ಇಂತಹ ಔಷಧಗಳಿಗೆ ಅನುಮತಿಯ ಪದ್ಧತಿಯಿದೆ. ಯಾವ ದೇಶದ ದಡವನ್ನು ಮುಟ್ಟುತ್ತೇವೆಯೋ ಆ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನು ಮಕ್ಕಳು ಮೊದಲೇ ಪರಿಶೀಲಿಸಬೇಕು. ಪರಿಚಯದವರು ಕೊಟ್ಟ ಔಷಧದ ಪೊಟ್ಟಣವನ್ನು ದಾಕ್ಷಿಣ್ಯಕ್ಕೆ ಒಳಗಾಗಿ ಒಯ್ಯಬಾರದು. ನಮ್ಮ ಹೆಸರಿನ ಚೀಟಿಯಿಲ್ಲದ ಔಷಧ ನಮ್ಮ ಚೀಲದಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವರು ನಾವೇ.

ಗಡಿಯಾರವೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ದುಬೈಯ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಸಿಂಗಪುರದ್ದು ಎರಡೂವರೆ ಗಂಟೆ ಮುಂದೆ. ಇನ್ಸುಲಿನ್ನಿನಂತೆ ಸಮಯಕ್ಕೆ ಕಟ್ಟುಬಿದ್ದ ಔಷಧಗಳನ್ನು ಅಲ್ಲಿ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರಿಂದಲೇ ಬರೆಯಿಸಿಕೊಳ್ಳುವುದು ಲೇಸು.

ಔಷಧ ಬಿಡುವುದು ಭಕ್ತಿಯಲ್ಲ

ಇಷ್ಟೆಲ್ಲ ಸಿದ್ಧತೆ ಮಾಡಿಯೂ ಔಷಧವನ್ನು ಚೀಲದಲ್ಲಿಯೇ ಉಳಿಸುವವರಿದ್ದಾರೆ. ಯಾತ್ರೆಯಲ್ಲಿರುವಾಗ ಗುಳಿಗೆ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆ ಎಂದು ಕೆಲವರು ತಿಳಿಯುತ್ತಾರೆ. ಆರೋಗ್ಯ ಮಾತೆಗೆ ಹರಕೆ ಹೊತ್ತವರು, ಸಂತ ಝೇವಿಯರ್ ಅವರ ಸನ್ನಿಧಿಗೆ ಹೊರಟವರು, ಬಲಿಪೂಜೆ ಮುಗಿಯುವವರೆಗೆ ಏನನ್ನೂ ಮುಟ್ಟಬಾರದೆಂದು ಬೆಳಗಿನ ಔಷಧವನ್ನು ಬಿಟ್ಟು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದುಂಟು. ಗೋವಾದ ಬಂದರಿನಲ್ಲಿ ಹಡಗಿನಿಂದ ಇಳಿದು ಹಳೆಯ ಗೋವಾದ ಬಾಮ್ ಜೀಸಸ್ ಬೆಸಿಲಿಕಾಕ್ಕೆ ಧಾವಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ಧರ್ಮಸಭೆಯ ಬೋಧನೆ ಇದಕ್ಕೆ ವಿರುದ್ಧವಾಗಿದೆ. ಪರಮಪ್ರಸಾದ ಸ್ವೀಕರಿಸುವ ಮೊದಲು ಒಂದು ಗಂಟೆಯ ಉಪವಾಸವನ್ನು ವಿಧಿಸುವ ಧರ್ಮಸಭಾ ಕಾನೂನಿನ 919ನೇ ನಿಯಮವು ನೀರನ್ನೂ ಔಷಧವನ್ನೂ ಆ ಉಪವಾಸದಿಂದ ಹೊರಗಿಟ್ಟಿದೆ. ವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ಆಹಾರ ಸೇವಿಸಿದ್ದರೂ ಪರಮಪ್ರಸಾದವನ್ನು ಸ್ವೀಕರಿಸಬಹುದೆಂದು ಅದೇ ನಿಯಮ ಹೇಳುತ್ತದೆ. ಅಂದ ಮೇಲೆ ಸಕ್ಕರೆ ಕಾಯಿಲೆಯ ತಾಯಿಯೊಬ್ಬರು ಬೆಳಿಗ್ಗೆ ಔಷಧ ತೆಗೆದುಕೊಂಡು, ಎರಡು ತುತ್ತು ತಿಂದು ಬಲಿಪೂಜೆಗೆ ಬರುವುದರಲ್ಲಿ ಯಾವ ದೋಷವೂ ಇಲ್ಲ. ತಪಸ್ಸು ಕಾಲದ ಉಪವಾಸದ ಕಟ್ಟಳೆಯೂ ಅರುವತ್ತನೆಯ ವರ್ಷಕ್ಕೆ ಕಾಲಿಟ್ಟವರನ್ನು ಬಂಧಿಸುವುದಿಲ್ಲ.

ಸಿರಾಖನ ಗ್ರಂಥದ 38ನೇ ಅಧ್ಯಾಯವು ವೈದ್ಯನನ್ನು ಗೌರವಿಸಬೇಕೆಂದೂ, ಔಷಧವು ಭೂಮಿಯಲ್ಲಿ ದೇವರೇ ಉಂಟುಮಾಡಿದ್ದೆಂದೂ ಬೋಧಿಸುತ್ತದೆ. ಪ್ರಾರ್ಥನೆಗೂ ಚಿಕಿತ್ಸೆಗೂ ಅದು ಒಟ್ಟಿಗೇ ಸ್ಥಾನ ಕೊಡುತ್ತದೆ. ಸಂತ ಪೌಲರ ಸಂಗಡಿಗನಾಗಿದ್ದ ಲೂಕನು ವೈದ್ಯನೆಂದು ಕೊಲೊಸ್ಸೆಯರಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ದೇವರು ಕೊಟ್ಟ ಪ್ರಾಣವನ್ನು ಕಾಪಾಡಿಕೊಳ್ಳುವುದೂ ಆರಾಧನೆಯ ಒಂದು ಭಾಗವೇ. ಹರಕೆ ತೀರಿಸಲು ಹೊರಟ ತಾಯಿ ದಾರಿಯಲ್ಲಿ ಕುಸಿದು ಬಿದ್ದರೆ, ನೋವು ಆಕೆಯ ಮಕ್ಕಳದ್ದು, ಭಾರ ಜೊತೆಯ ಯಾತ್ರಿಕರದ್ದು.

ಧರ್ಮಕೇಂದ್ರದ ಪಾಲು

ಬೆಳಗಾವಿ ಧರ್ಮಪ್ರಾಂತ್ಯವು 1953ರಲ್ಲಿ ಸ್ಥಾಪನೆಯಾಯಿತು. ಅದರ ಈ ಉತ್ತರದ ಅಂಚಿನಲ್ಲಿ ನಮ್ಮ ಕುಟುಂಬಗಳು ಚದುರಿಹೋಗಿವೆ. ಅನೇಕ ಮನೆಗಳಲ್ಲಿ ಈಗ ಉಳಿದಿರುವವರು ಇಬ್ಬರು ವೃದ್ಧರು ಮಾತ್ರ. ಪ್ರವಾಸದ ಹಣ ಕಳುಹಿಸುವ ಮಕ್ಕಳು ದೂರದಲ್ಲಿದ್ದಾರೆ. ಔಷಧದ ಚೀಟಿಯ ಆಂಗ್ಲ ಅಕ್ಷರಗಳನ್ನು ಓದಿ ಹೇಳುವವರು ಹತ್ತಿರದಲ್ಲಿಲ್ಲ. ಇಲ್ಲಿ ನೆರೆಹೊರೆಯವರ ಮತ್ತು ಯುವಜನರ ಸೇವೆಗೆ ದೊಡ್ಡ ಅವಕಾಶವಿದೆ. ಭಾನುವಾರದ ಪೂಜೆಯ ಬಳಿಕ ಅರ್ಧ ಗಂಟೆ ಕುಳಿತು, ಹಿರಿಯರೊಬ್ಬರ ಚೀಟಿಗಳನ್ನು ಒಟ್ಟುಗೂಡಿಸಿ ವೈದ್ಯರಿಗೆ ತೋರಿಸಲು ಸಿದ್ಧಮಾಡುವುದು, ವೈದ್ಯರು ಬರೆದ ಪಟ್ಟಿಯ ಪಕ್ಕದಲ್ಲಿ ಕನ್ನಡದಲ್ಲಿ 'ಬೆಳಿಗ್ಗೆ', 'ರಾತ್ರಿ', 'ಊಟದ ನಂತರ' ಎಂದು ದಪ್ಪಕ್ಷರದಲ್ಲಿ ಬರೆದುಕೊಡುವುದು ಯಾರಿಂದಲೂ ಆಗುವ ಕೆಲಸ. ಧರ್ಮಕೇಂದ್ರದಿಂದ ಬಸ್ಸು ಮಾಡಿಕೊಂಡು ವೇಳಾಂಗಣ್ಣಿಗೋ ಗೋವಾಕ್ಕೋ ಹೊರಡುವಾಗ, ಹೆಸರು ಬರೆಯಿಸುವ ಪುಸ್ತಕದಲ್ಲಿಯೇ ಪ್ರತಿಯೊಬ್ಬರ ಔಷಧದ ವಿವರಕ್ಕೆ ಒಂದು ಅಂಕಣವನ್ನು ಇರಿಸಬಹುದು. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1992ರಲ್ಲಿ ಘೋಷಿಸಿದ, ಪ್ರತಿವರ್ಷ ಫೆಬ್ರವರಿ 11ರಂದು ಲೂರ್ದು ಮಾತೆಯ ಸ್ಮರಣೆಯೊಡನೆ ಬರುವ ವಿಶ್ವ ರೋಗಿಗಳ ದಿನ ಇಂತಹ ಕಾರ್ಯಕ್ಕೆ ತಕ್ಕ ಮುಹೂರ್ತ.

ದೂರದಲ್ಲಿರುವ ಮಕ್ಕಳಿಗೂ ಒಂದು ವಿನಂತಿ. ತಂದೆತಾಯಿಗಳಿಗೆ ಟಿಕೆಟು ಕಳುಹಿಸುವ ದಿನವೇ, ಅವರು ಯಾವ ಯಾವ ಔಷಧ ತೆಗೆದುಕೊಳ್ಳುತ್ತಾರೆಂದು ಕೇಳಿ ಬರೆದುಕೊಳ್ಳಿ. ಹಡಗಿನ ಕೋಣೆಗೆ ಕಿಟಕಿ ಇದೆಯೇ ಎಂದು ವಿಚಾರಿಸುವ ಹೊತ್ತಿನಲ್ಲಿಯೇ ಅಲ್ಲಿ ವೈದ್ಯರಿದ್ದಾರೆಯೇ, ಫ್ರಿಜ್ಜು ಕೊಡುವರೇ ಎಂಬುದನ್ನೂ ವಿಚಾರಿಸಿ. ಪ್ರವಾಸದ ವಿಮೆ ಮಾಡಿಸುವಾಗ ಈಗಾಗಲೇ ಇರುವ ಕಾಯಿಲೆಗಳನ್ನು ಮುಚ್ಚಿಡದೆ ತಿಳಿಸಿ. ಮುಚ್ಚಿಟ್ಟರೆ ಅಗತ್ಯ ಬಿದ್ದಾಗ ಆ ವಿಮೆ ಉಪಯೋಗಕ್ಕೆ ಬಾರದೇ ಹೋಗಬಹುದು.

ಹೊರಡುವ ಮುನ್ನ ಮನೆಯ ಪೀಠದ ಮುಂದೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದು ನಮ್ಮ ಕುಟುಂಬಗಳ ಒಳ್ಳೆಯ ಸಂಪ್ರದಾಯ. ಪಯಣಿಗರ ಪಾಲಕನಾದ ಮಹಾದೂತ ರಫಾಯೇಲನನ್ನು ಆಗ ಸ್ಮರಿಸೋಣ. ಆ ಬಳಿಕ ಕೈಚೀಲವನ್ನು ತೆರೆದು ಇನ್ನೊಮ್ಮೆ ನೋಡೋಣ: ಪಟ್ಟಿ ಇದೆಯೇ, ಮೂಲ ಸ್ಟ್ರಿಪ್ಪುಗಳಿವೆಯೇ, ಒಂದು ವಾರದ ಹೆಚ್ಚಿನ ಔಷಧವಿದೆಯೇ. ಇವಿಷ್ಟು ಕೈಯಲ್ಲಿದ್ದರೆ ಹಿರಿಯರು ನಿಶ್ಚಿಂತೆಯಿಂದ ಕಡಲನ್ನು ಕಣ್ತುಂಬ ನೋಡಿ, ಕ್ಷೇಮವಾಗಿ ಮನೆಗೆ ಮರಳಲಿ.